ಮಿಡಿಯ ಭರಣಿಯಲ್ಲಿ ನೀಲಿ ಹರಳು

ಕಳೆದ ವಾರ ಬ್ರಹ್ಮಾವರದಲ್ಲಿ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಅಜ್ಜನ ಕಾಲದ ಗೋಡೆಗೆ ಸಿಮೆಂಟು ಹಿಡಿಯುವುದಿಲ್ಲವೆಂದು ಮೇಸ್ತ್ರಿಯೊಬ್ಬ ಅಂಗಳದ ತೊಟ್ಟಿಯಲ್ಲಿ ಸುಣ್ಣ ಅರಳಿಸುತ್ತಿದ್ದ. ಸುಟ್ಟ ಸುಣ್ಣಕ್ಕೆ ನೀರು ಬಿದ್ದದ್ದೇ ತಡ, ತೊಟ್ಟಿ ಕುದಿಯತೊಡಗಿ ಹಬೆ ಎದ್ದಿತು. ಕಾದ ಕಲ್ಲಿನ ಮೇಲೆ ಮೊದಲ ಮಳೆ ಬಿದ್ದಾಗ ಏಳುವಂಥ ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ.

"ಎಂತ ಆಯ್ತ್? ಕಣ್ಣಿಗ್ ಹೊಗೆ ಹೋಯ್ತಾ?" ಎಂದಳು ಗೆಳತಿ.

"ಹೊಗೆ ಅಲ್ಲ ಮಾರಾಯ್ತಿ, ಸಿಟ್ಟು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆ ಸಿಟ್ಟಿಗೆ ಈಗ ಹತ್ತಾರು ವರ್ಷ. ಆದರೂ ಸುಣ್ಣದ ಹಬೆ ಮೂಗಿಗೆ ಬಿದ್ದರೆ ಸಾಕು, ಅದು ಎದ್ದು ಕೂರುತ್ತದೆ. ಬೇಡವೆಂದು ನಾನು ಯಾವತ್ತೂ ಹೇಳಿಲ್ಲ. ಆ ಮಳೆಗಾಲದಲ್ಲಿ ನನ್ನನ್ನು ನಡೆಸಿದ್ದೇ ಅದು.

ಆಗ ನಾನು ದೂರದ ಊರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಫೋನೆಂದರೆ ಜಗಲಿಯ ಲ್ಯಾಂಡ್‌ಲೈನು, ಇ-ಮೇಲ್ ಎಂದರೆ ಬೈಂದೂರಿನ ಸೈಬರ್ ಕೆಫೆ ಎನ್ನುವ ಕಾಲ. ನಮ್ಮ ಮನೆ ಉಪ್ಪುಂದದಲ್ಲಿ. ಅಪ್ಪಯ್ಯ, ಅಣ್ಣ ಇಬ್ಬರೂ ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದರು. ಮನೆಯಲ್ಲಿ ಅಮ್ಮ, ಜೊತೆಗೆ, ಮುಂಬೈ ಸಾಕೆಂದು ಬಂದು ಗದ್ದೆ, ತೆಂಗು ನೋಡಿಕೊಳ್ಳುತ್ತಿದ್ದ ಅಮ್ಮನ ತಮ್ಮ ಸೀನ ಮಾವ. ಮಳೆ ಹಿಡಿದ ವಾರದಲ್ಲೇ ಅಮ್ಮ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಂಡಳು. ಸೊಂಟದವರೆಗೆ ಪ್ಲಾಸ್ಟರು. ಎತ್ತಿ ಕೂರಿಸಲು, ಮೀಯಿಸಲು ಹೆಣ್ಣುಮಕ್ಕಳೇ ಬೇಕು. ನಾನು ಹೊರಟೆ.

ನನ್ನ ಗೈಡ್ ಮೈಸೂರಿನ ಕಡೆಯವರು. ಎಲ್ಲರೂ ಅವರನ್ನು ಸರ್ ಎಂದೇ ಕರೆಯುತ್ತಿದ್ದುದರಿಂದ ಇಲ್ಲೂ ಹಾಗೇ ಕರೆಯುತ್ತೇನೆ. ರಜೆ ಕೇಳಲು ಹೋದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನ್ಯೂಟ್ರಾನ್ ಬೀಮ್ ಸಿಕ್ಕಿರೋದು ಮಳೆಗಾಲ ಮುಗಿದ ಮೇಲೆ. ಅಷ್ಟರಲ್ಲಿ ದೊಡ್ಡ ಹರಳು ಬೇಕು. ಊರಿಗೆ ಹೋಗೋದಾದ್ರೆ ಆ ಸಮಯ ಬೇರೆಯವರಿಗೆ ಕೊಟ್ಟುಬಿಡೋಣ."

"ಹರಳನ್ನ ಊರಲ್ಲೇ ಬೆಳೆಸ್ತೇನೆ ಸರ್."

"ನಿಮ್ಮೂರ ಮಳೇಲಿ ಬಟ್ಟೆ ಒಣಗಲ್ಲ. ಹರಳು ಬೆಳೆಸ್ತೀನಿ ಅಂತೀಯಲ್ಲಮ್ಮ" ಎಂದು ನಕ್ಕರು.

ಆ ನಗೆಗೇ ನಾನು ಹಟ ಹಿಡಿದದ್ದು. ಬೇಕಾದ ಅನುಮತಿ ಬರೆಸಿಕೊಂಡು, ಒಂದು ಬಾಟಲಿಯಲ್ಲಿ ಆಗಲೇ ಬೆಳೆದಿದ್ದ ಹರಳುಗಳು, ಇನ್ನೊಂದರಲ್ಲಿ ಉಳಿದ ದ್ರಾವಣ, ಸಣ್ಣ ಶೀಶೆಯೊಂದರಲ್ಲಿ ತುಸು ಭಾರಜಲ, ಮೂರನ್ನೂ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದುದು ಇಷ್ಟೇ. ತಾಮ್ರದ ಒಂದು ಲವಣವಿದೆ. ಅದರ ಹರಳಿನೊಳಗೆ ತಾಮ್ರದ ಪರಮಾಣುಗಳು ಸರಪಳಿ ಹಾಗೆ ಸಾಲಾಗಿ ಕೂತಿರುತ್ತವೆ. ಒಂದೊಂದೂ ಒಂದು ಪುಟ್ಟ ಅಯಸ್ಕಾಂತ. ಪಕ್ಕದ್ದು ಮೇಲೆ ನೋಡಿದರೆ ತಾನು ಕೆಳಗೆ ನೋಡಬೇಕು, ಅದು ಪ್ರತಿಯೊಂದರ ಹಟ. ಆದರೆ ಕ್ವಾಂಟಂ ಲೋಕದಲ್ಲಿ ಈ ಹಟ ಪೂರ್ತಿ ನಡೆಯುವುದಿಲ್ಲ. ಎಷ್ಟೇ ತಣ್ಣಗೆ ಮಾಡಿದರೂ ಸಾಲು ಒಂದೆಡೆ ನಿಲ್ಲದೆ ಅಲುಗುತ್ತಲೇ ಇರುತ್ತದೆ. ಆ ಅಲುಗಾಟವನ್ನು ಕಾಣಲು ನ್ಯೂಟ್ರಾನ್ ಬೇಕು. ಅದರಲ್ಲಿ ವಿದ್ಯುತ್ತಿನ ಅಂಶವಿಲ್ಲ, ಆದರೆ ಅದೂ ಒಂದು ಪುಟ್ಟ ಅಯಸ್ಕಾಂತವೇ. ರಿಯಾಕ್ಟರಿನಿಂದ ಬಂದ ನ್ಯೂಟ್ರಾನುಗಳನ್ನು ಹರಳಿಗೆ ಹಾಯಿಸಿ, ಯಾವ ದಿಕ್ಕಿಗೆ ಚದುರಿದವು, ಎಷ್ಟು ಶಕ್ತಿ ಕಳೆದುಕೊಂಡವು ಎಂದು ಅಳೆದರೆ ಒಳಗಿನ ಸಾಲಿನ ಗುಟ್ಟು ತಿಳಿಯುತ್ತದೆ.

ಜಗಳ ಇದ್ದದ್ದು ಒಂದೇ ಪ್ರಶ್ನೆಯ ಮೇಲೆ. ಒಂದು ಸರಪಳಿಗೂ ಅದರ ಪಕ್ಕದ ಸರಪಳಿಗೂ ಸಂಬಂಧ ಇದೆಯೋ ಇಲ್ಲವೋ? ಸರ್ ಇಲ್ಲವೆಂದು ಬರೆದು ಹೆಸರು ಮಾಡಿದವರು. ನಾನು ಹರಳಿನ ಪುಡಿಯ ಮೇಲೆ ಮಾಡಿದ ಅಳತೆಯ ಗೆರೆಯಲ್ಲಿ ಸಣ್ಣದೊಂದು ಉಬ್ಬು ಕಂಡಿತ್ತು. ಅದು ಪುಡಿಯಲ್ಲಿ ಸೇರಿದ ಕೊಳೆ ಎಂದರು ಅವರು. ಸಂಬಂಧ ಎಂದೆ ನಾನು. ತೀರ್ಮಾನ ಆಗಬೇಕಾದರೆ ಪುಡಿ ಸಾಲದು, ಒಂದೇ ದೊಡ್ಡ ಹರಳು ಬೇಕು. ಅದನ್ನೂ ಮಾಮೂಲಿ ನೀರಿನಲ್ಲಿ ಬೆಳೆಸುವಂತಿಲ್ಲ. ಮಾಮೂಲಿ ನೀರಿನ ಹೈಡ್ರೋಜನ್ ನ್ಯೂಟ್ರಾನುಗಳನ್ನು ಸಿಕ್ಕಸಿಕ್ಕಲ್ಲಿ ಚದುರಿಸಿ ಎಲ್ಲವನ್ನೂ ಮಸುಕು ಮಾಡುತ್ತದೆ. ಆದ್ದರಿಂದ ಭಾರಜಲ, ಮಾಮೂಲಿ ಹೈಡ್ರೋಜನ್ನಿನ ಬದಲು ಅದರ ಭಾರದ ರೂಪವಿರುವ ನೀರು. ಲವಣವನ್ನು ಅದರಲ್ಲೇ ಕರಗಿಸಬೇಕು. ಆ ದ್ರಾವಣ ನಿಧಾನ ಆರುತ್ತಾ ಹೋದಂತೆ, ದಾರದಲ್ಲಿ ತೂಗಿಬಿಟ್ಟ ಬೀಜದ ಹರಳು ಬೆಳೆಯುತ್ತದೆ.

ಸೀನ ಮಾವ ಬಾಟಲಿ ಎತ್ತಿ ತೂಗಿ ನೋಡಿದರು. "ಇದೆಂತ ಭಾರದ ನೀರ್? ನಮ್ ಬಾವಿ ನೀರಷ್ಟೇ ಇತ್ತಲೆ."

ಅವರಿಗೆ ಕೈರಂಪಣಿಯ ಹೋಲಿಕೆ ಕೊಟ್ಟೆ. ಕಡಲತಡಿಯಲ್ಲಿ ಬಲೆಯ ಎರಡು ಹಗ್ಗಗಳನ್ನು ಎರಡು ಸಾಲಿನ ಜನ ದೂರ ದೂರ ನಿಂತು ಎಳೆಯುತ್ತಾರಲ್ಲ, ಆ ಸಾಲಿನವರು ಮಾಡಿದ್ದು ಈ ಸಾಲಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡುವುದೇ ನನ್ನ ಕೆಲಸ ಎಂದೆ.

"ತಿಳಿತಿಲ್ಯಾ ಮತ್ತೆ? ಅವ್ರ್ ಸಡ್ಲ ಬಿಟ್ರೆ ನಮ್ ಕೈಗೆ ಗೊತ್ತಾತ್. ನಿಮ್ ಸರ್ ಬಲೆ ಎಳುಕೆ ಒಂದ್ ಸಲ ಬರ್ಕ್ ಕಾಣ್."

"ಬಲೆ ಇದೆಯೋ ಇಲ್ಲವೋ ಅಂತಲೇ ಗೊತ್ತಿಲ್ಲ ಮಾವ. ಅದೇ ಜಗಳ."

ಮೊದಲ ತಿಂಗಳು ಬರೀ ಸೋಲು. ಮಳೆ ಒಂದೇ ಸಮ. ಗಾಳಿಯೇ ನೀರು ಕುಡಿದು ಕೂತಿತ್ತು. ಒಳಗೆ ಹಗ್ಗ ಕಟ್ಟಿ ಹಾಕಿದ ಬಟ್ಟೆಗೆ ಬೂಸ್ಟು, ಬೆಂಕಿಪೊಟ್ಟಣ ಗೀರಿದರೆ ಮದ್ದು ಕಡ್ಡಿಯಿಂದ ಜಾರಿ ಬರುತ್ತಿತ್ತು. ದ್ರಾವಣದ ಮುಚ್ಚಳ ಬಿಗಿದರೆ ಅದು ಆರುವುದಿಲ್ಲ. ತೆರೆದರೆ ಇನ್ನೂ ಕಷ್ಟ, ನಮ್ಮೂರ ಗಾಳಿಯ ಮಾಮೂಲಿ ನೀರು ಒಳಗೆ ಸೇರಿ ಭಾರಜಲ ಕೆಡುತ್ತದೆ. ಕಡಲತಡಿಯ ಮಳೆಗಾಲಕ್ಕೆ ಭಾರಜಲವನ್ನು ತಂದದ್ದೇ ಹುಚ್ಚು ಎಂದು ಗೊತ್ತಿತ್ತು. ಹಟಕ್ಕೆ ಬಿದ್ದವಳಿಗೆ ಗೊತ್ತಿದ್ದರೇನು? ಹೇಗೂ ಸಂಸ್ಥೆಯಿಂದ ತಂದ ಹರಳುಗಳಿವೆಯಲ್ಲ, ಏನೂ ಆಗದಿದ್ದರೆ ಅವನ್ನೇ ಒಟ್ಟು ಜೋಡಿಸಿ ಬೀಮಿಗೆ ಇಡೋಣ ಎಂಬ ಧೈರ್ಯವಿತ್ತು. ಆ ಬಾಟಲಿಯನ್ನು ಒಲೆಯ ಬದಿಯ ಗೋಡೆಗೂಡಿನಲ್ಲಿ ಬೆಚ್ಚಗೆ ಇಟ್ಟಿದ್ದೆ. ದ್ರಾವಣದೊಳಗೆ ಒಂದು ಬೀಜದ ಹರಳು, ಉದ್ದಿನ ಕಾಳಿನಷ್ಟು, ಸುಮ್ಮನೆ ತೂಗುತ್ತಿತ್ತು.

ಒಂದು ದಿನ ಬೈಂದೂರಿಗೆ ಹೋಗಿ ಸರ್‌ಗೆ ಮೇಲ್ ಹಾಕಿದೆ. ಹರಳುಗಳು ಕ್ಷೇಮ, ಚಿಂತೆ ಬೇಡ ಎಂದು ಬರೆದೆ. ತಿರುಗಿ ಬರುವಾಗ ಮಳೆ ತುಸು ಬಿಟ್ಟು ಹೊಳವಾಗಿತ್ತು. ಸೀನ ಮಾವ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೋಲಾಡಿಸುತ್ತಿದ್ದರು. ಪಕ್ಕದಲ್ಲಿ ಸುಟ್ಟ ಚಿಪ್ಪಿನ ಸುಣ್ಣದ ಡಬ್ಬಿ. ಬಕೆಟ್ಟಿನಲ್ಲಿ ಆಕಾಶನೀಲಿ ಮುಲಾಮು.

ನಮ್ಮ ಕಡೆ ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗಾಗಿ ಹೇಳುವುದಾದರೆ, ಮಳೆಗಾಲದಲ್ಲಿ ತೆಂಗಿನ ಸುಳಿ ಕೊಳೆಯುತ್ತದೆ. ಅದಕ್ಕೆ ಮದ್ದು ಮೈಲುತುತ್ತು ಮತ್ತು ಸುಣ್ಣ. ಮೈಲುತುತ್ತೂ ತಾಮ್ರದ ಲವಣವೇ, ಅದೂ ನೀಲಿ ಹರಳೇ.

"ಈ ಸಲದ್ ತುತ್ತ್ ಎಷ್ಟ್ ಲಾಯ್ಕ್ ಕರಗ್ತ್ ಗೊತ್ತಿತ್ತಾ?" ಎಂದರು ಮಾವ, ತಲೆ ಎತ್ತದೆ. "ಒಂದ್ ಮರಕ್ಕೆ ಹಾಕಿಯೂ ಆಯ್ತ್. ಮರ ಹತ್ತುವವ ಈಗಷ್ಟೇ ಚಾ ಕುಡುಕೆ ಹೋದ."

ಒಳಗೆ ಓಡಿದೆ. ಗೂಡು ಖಾಲಿ. ಅಮ್ಮ ಮಂಚದ ಮೇಲಿಂದಲೇ ಕತ್ತು ಎತ್ತಿದಳು. "ಮೈಲುತುತ್ತು ಎಲ್ಲಿತ್ತ್ ಅಂದೇಳಿ ಅವ ಕೇಂಡ. ಒಲೆ ಬದಿಗ್ ನೀಲಿ ಕುಪ್ಪಿ ಇತ್ತ್ ಕಾಣ್ ಅಂದೆ. ಎಂತ ಮಗಾ, ಅದಲ್ದಾ?"

ನಾನು ಅಳಲಿಲ್ಲ. ಅಂಗಳಕ್ಕೆ ಬಂದು ಮಾವನಿಗೆ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಎರಡು ವರ್ಷದ ದುಡಿಮೆ ತೆಂಗಿನ ತಲೆ ಸೇರಿತು, ಬಾಟಲಿಯ ಮೇಲೆ ಹೆಸರು ಬರೆದದ್ದು ಕಾಣಲಿಲ್ಲವೇ ಎಂದು ಕೂಗಿದೆ. ಮಾವ ಕೋಲು ಹಿಡಿದುಕೊಂಡೇ ಕೇಳಿಸಿಕೊಂಡರು.

"ಬರ್ದದ್ದ್ ಕಂಡೆ. ಇಂಗ್ಲೀಷಲ್ ತಾಮ್ರ ಅಂದೇಳಿ ಇದ್ದಿತ್ತ್. ತಾಮ್ರ, ನೀಲಿ, ಹರಳ್. ಮತ್ತೆ ಮೈಲುತುತ್ತಲ್ದೆ ಎಂತ ಅಂದೇಳಿ ನಾ ತಿಳ್ಕಂಬ್ದ್?" ಎಂದರು. ತಪ್ಪು ಹುಡುಕಲು ನನಗೂ ಎಡೆ ಸಿಗಲಿಲ್ಲ, ಅದು ಮತ್ತೂ ಸಿಟ್ಟು ತರಿಸಿತು.

ಸಂಜೆ ಸರ್‌ಗೆ ಫೋನ್ ಮಾಡಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದೆ.

"ಹೋಗ್ಲಿ ಬಿಡು. ಒಂದು ರೀತಿ ಒಳ್ಳೇದೇ ಆಯ್ತು. ಆ ಉಬ್ಬಿನ ಹಿಂದೆ ಬಿದ್ದು ಸಮಯ ಹಾಳು ಮಾಡ್ಕೋತಿದ್ದೆ. ಬೀಮ್ ಸಮಯ ನಾಳೆನೇ ಬೇರೆಯವರಿಗೆ ಬರೆದುಕೊಡ್ತೀನಿ. ನೀನು ಅಮ್ಮನ್ನ ನೋಡ್ಕೋ."

ಒಳ್ಳೇದೇ ಆಯ್ತು. ಆ ಮಾತು ಹೇಳದಿದ್ದರೆ ನಾನು ಬಹುಶಃ ಸುಮ್ಮನಾಗುತ್ತಿದ್ದೆ.

"ಬೇಡ ಸರ್. ಹರಳು ತರ್ತೇನೆ."

"ಯಾವ ಹರಳು?"

"ಬೆಳೆಸಿ ತರ್ತೇನೆ. ಚೌತಿಯವರೆಗೆ ಟೈಮ್ ಕೊಡಿ. ಅಷ್ಟರಲ್ಲಿ ಬರದಿದ್ದರೆ ಬೀಮ್ ಯಾರಿಗಾದ್ರೂ ಕೊಡಿ, ಆ ಉಬ್ಬು ಕೊಳೆ ಅಂತ ನಾನೇ ಬರೆದುಕೊಡ್ತೇನೆ."

ಅವರು ಒಪ್ಪಿದರು. ಸೋಲುವವರ ಪಂದ್ಯಕ್ಕೆ ಯಾರು ಒಪ್ಪುವುದಿಲ್ಲ? ನನ್ನ ಬಳಿ ಉಳಿದದ್ದು ಆರದ ದ್ರಾವಣ, ಶೀಶೆಯ ತುಸು ಭಾರಜಲ ಮತ್ತು ಒಂದು ಉದ್ದಿನ ಕಾಳು.

ಮರುದಿನ ಬೆಳಗ್ಗೆ ಜಗಲಿ ಗುಡಿಸುವಾಗ ಮಾವನ ಸುಣ್ಣದ ಡಬ್ಬಿ ಕಂಡಿತು. ನಿನ್ನೆಯ ಗಲಾಟೆಯಲ್ಲಿ ಮುಚ್ಚಳ ಹಾಕಲು ಮರೆತಿದ್ದರು. ಗಟ್ಟಿ ಚಿಪ್ಪುಗಳಾಗಿದ್ದ ಸುಣ್ಣ ಮಳೆಹನಿ ತಾಗದೆಯೂ ಬಿರಿದು, ಉಬ್ಬಿ, ಡಬ್ಬಿಯ ಅಂಚು ಮೀರಿ ಹಿಟ್ಟಿನಂತೆ ಚೆಲ್ಲಿತ್ತು. ಬರೀ ಗಾಳಿಯ ನೀರನ್ನು ಕುಡಿದೇ ಹಾಗಾದದ್ದು. ಪೊರಕೆ ಹಿಡಿದುಕೊಂಡು ಅದರ ಮುಂದೆ ಕೂತೆ. ಮನೆಯಲ್ಲಿ ಬೆಂಕಿಪೊಟ್ಟಣವನ್ನು ಒಣಗಿಸಲಾಗದ ಈ ಮಳೆಗಾಲದಲ್ಲಿ ನೀರಿಗಾಗಿ ಬಾಯಿಬಿಟ್ಟು ಕೂತದ್ದು ಇದೊಂದೇ. ಇದನ್ನೂ ನನ್ನ ದ್ರಾವಣವನ್ನೂ ಒಂದೇ ಪಾತ್ರೆಯಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿದರೆ? ಹೊರಗಿನ ತೇವ ಒಳಗೆ ಬಾರದು. ಒಳಗಿನ ಭಾರಜಲವನ್ನು ಸುಣ್ಣ ಮೆಲ್ಲಮೆಲ್ಲನೆ ಹೀರುತ್ತದೆ. ದ್ರಾವಣ ಆರುತ್ತದೆ.

ಪಾತ್ರೆ ಬೇಕಿತ್ತು. ಬಾಯಿ ಅಗಲ, ಹೊಟ್ಟೆ ದೊಡ್ಡದು, ಗಾಳಿ ನುಸುಳದ ಪಾತ್ರೆ. ಅಂಥದ್ದು ಮನೆಯಲ್ಲಿ ಒಂದೇ ಇತ್ತು, ಅಮ್ಮನ ಮಿಡಿಯ ಭರಣಿ. ಬೇಸಗೆಯಲ್ಲಿ ಮರದಿಂದ ನೆಲಕ್ಕೆ ಬೀಳದಂತೆ ಇಳಿಸಿದ ಮಾವಿನ ಮಿಡಿಗಳನ್ನು ಅಮ್ಮ ತಾನೇ ಆಯ್ದು ಉಪ್ಪಿಗೆ ಹಾಕಿ, ಮಸಾಲೆ ಕಡೆದು ತುಂಬಿಸಿಟ್ಟಿದ್ದಳು. ಒದ್ದೆ ಕೈಯವರು ಅದರ ಹತ್ತಿರ ಸುಳಿಯುವಂತಿರಲಿಲ್ಲ. ಮಳೆಗಾಲದ ಗಂಜಿಯೂಟ ನಿಂತಿದ್ದೇ ಆ ಭರಣಿಯ ಮೇಲೆ. ಮಂಚದ ಬದಿಗೆ ಹೋಗಿ ನಿಂತೆ.

"ಎಂತ? ಹೇಳ್."

ಹೇಳಿದೆ. ಅಮ್ಮ ಮೇಲೆ ಮಾಡಿನ ಹಂಚು ನೋಡುತ್ತಾ ಮಲಗಿದ್ದಳು.

"ಆ ಸರ್ ನಗಾಡಿದ್ರ್ ಅಂದ್ಯಲೆ, ಬಟ್ಟೆ ಒಣಗುದಿಲ್ಲ ಅಂದೇಳಿ?"

"ಹೌದು."

"ಭರಣಿ ತಕೊ. ಮಿಡಿಯೆಲ್ಲ ಹಂಚ್. ಇಟ್ರೆ ಹಾಳಾತ್." ಮತ್ತೆ ಅಂದಳು, "ಇಪ್ಪತ್ ವರ್ಷದ್ದ್ ಆ ಭರಣಿ. ಒಡೀಬ್ಯಾಡ."

ಕೇರಿಯಲ್ಲೆಲ್ಲ ಮಿಡಿ ಹಂಚಿದೆವು. ಸುದ್ದಿಯೂ ಅದರ ಜೊತೆಗೇ ಹಂಚಿಹೋಯಿತು. ಕಲಿತ ಹುಡುಗಿ ಉಪ್ಪಿನಕಾಯಿ ಭರಣಿಗೆ ಸುಣ್ಣ ಹಾಕಿ ನೀಲಿ ಕಲ್ಲು ತೂಗಿಬಿಟ್ಟು ಕೂತಿದ್ದಾಳಂತೆ, ಯಾರಿಗೆ ಮಾಟವೋ ಏನೋ. "ನಿಮ್ಗೇ" ಎಂದು ಹೇಳಿಕಳಿಸಿದೆ. ಮತ್ತೆ ಆ ಮಾತು ಬರಲಿಲ್ಲ.

ಸುಣ್ಣ ತರುವ ಜವಾಬ್ದಾರಿ ಸೀನ ಮಾವ ತಾವಾಗಿ ಹೊತ್ತರು. ಮಳೆಗಾಲದಲ್ಲಿ ಚಿಪ್ಪು ಸುಡುವ ಸುಣ್ಣದ ಗೂಡು ಉರಿಯುವುದಿಲ್ಲ. ಕುಂದಾಪುರದ ಹೊಳೆಬದಿಯಲ್ಲಿ ಗೂಡು ನಡೆಸುತ್ತಿದ್ದ ಗುಲಾಬಿಯಕ್ಕ ಬೇಸಗೆಯಲ್ಲಿ ಸುಟ್ಟ ಚಿಪ್ಪನ್ನು ಬಿಗಿ ಮುಚ್ಚಳದ ಡಬ್ಬಗಳಲ್ಲಿ ತುಂಬಿಸಿಡುತ್ತಿದ್ದಳು. ಮಾವ ಹಾಲಿನ ಕ್ಯಾನು ಹಿಡಿದು ಬಸ್ಸಿನಲ್ಲಿ ಹೋಗಿ ಅದನ್ನು ತಂದರು. ಮಳೆಗೆ ತಾವು ನೆನೆದಿದ್ದರು, ಕೊಡೆ ಕ್ಯಾನಿನ ಮೇಲಿತ್ತು.

"ಕಂಡಕ್ಟರ್ ಕೇಂಡ, ಹಾಲ್ ಹಾಳಾತಾ ಅಂದೇಳಿ. ಹಾಲಲ್ಲ ಸಾಬ್, ನ್ಯೂಟ್ರಾನ್ ಅಂದೆ" ಎಂದರು. ಅವತ್ತು ನಾನು ಅವರೊಡನೆ ಮತ್ತೆ ಮಾತಾಡಿದೆ.

ಮೊದಲ ಸಲ ಸುಣ್ಣ ಹೆಚ್ಚಾಯಿತು. ದ್ರಾವಣ ಬೇಗ ಆರಿ, ತಳದಲ್ಲಿ ಸಾಸಿವೆಯಂಥ ಪುಡಿಹರಳುಗಳ ರಾಶಿ ಬಿದ್ದಿತು. ಪುಣ್ಯಕ್ಕೆ ಬೀಜ ಕೆಟ್ಟಿರಲಿಲ್ಲ. ಉಳಿಸಿಟ್ಟಿದ್ದ ಭಾರಜಲದಲ್ಲಿ ಪುಡಿಯನ್ನೆಲ್ಲ ಮತ್ತೆ ಕರಗಿಸಿದೆ. ಇನ್ನು ಭಾರಜಲ ಇರಲಿಲ್ಲ. ಎರಡನೇ ಸಲ ಸುಣ್ಣ ಒಂದೇ ಹಿಡಿ. ಭರಣಿಯ ತಳದಲ್ಲಿ ಸುಣ್ಣದ ಬಟ್ಟಲು, ಅದರ ಮೇಲೆ ಮಣೆ, ಮಣೆಯ ಮೇಲೆ ಗಾಜಿನ ಪಾತ್ರೆ, ಮೀನಿನ ಗಾಳದ ನೈಲಾನ್ ದಾರದಲ್ಲಿ ಬೀಜ. ಭರಣಿಯ ಬಾಯಿಗೆ ಗಾಜು ಮುಚ್ಚಿ ಸುತ್ತ ಮೇಣ. ಸುಣ್ಣ ಹಿಟ್ಟಾದಾಗ ಒಲೆಯ ಬದಿಯಲ್ಲಿ ಕೂತು ಉಸಿರು ಹಿಡಿದು ಬದಲಿಸುವುದು. ಅಮ್ಮ ಮಂಚದಿಂದಲೇ, "ಬೇಗ, ಬೇಗ ಮುಚ್ಚ್" ಎನ್ನುತ್ತಿದ್ದಳು, ಒಳಗಿರುವುದು ಮಿಡಿಯೇನೋ ಎಂಬಂತೆ. ನಾವು ಮೂವರೂ ಬರೀ ಉಪ್ಪು ಹಾಕಿದ ಗಂಜಿ ಉಂಡು ಆ ಭರಣಿಯನ್ನು ಕಾದೆವು.

ಆಷಾಢ ಕಳೆಯಿತು. ಕಾಳು ಕಡಲೆಯಾಯಿತು, ಕಡಲೆ ನೆಲಗಡಲೆಯಾಯಿತು. ಶ್ರಾವಣದ ಕೊನೆಗೆ ಗಾಜಿನ ಮೇಲಿಂದ ಬಗ್ಗಿ ನೋಡಿದರೆ ನೀಲಿ ದ್ರಾವಣದ ನಡುವೆ ಇನ್ನೂ ಕಡುನೀಲಿಯ ಒಂದು ಕಲ್ಲು, ಅಂಚುಗಳೆಲ್ಲ ಕತ್ತರಿಸಿಟ್ಟ ಹಾಗೆ. ಚೌತಿಗೆ ಎರಡು ದಿನ ಇರುವಾಗ ಎತ್ತಿದೆ. ನನ್ನ ಹೆಬ್ಬೆರಳಿನಷ್ಟಿತ್ತು. ಅಮ್ಮನ ಪ್ಲಾಸ್ಟರು ಅಷ್ಟರಲ್ಲಿ ಬಿಚ್ಚಿಯಾಗಿತ್ತು, ಅವಳೇ ಗೋಡೆ ಹಿಡಿದು ನಡೆದು ನೋಡಲು ಬಂದಳು.

"ಇದ್ ಬಾಯಿಗ್ ಹಾಕುಕಾತಿಲ್ಲ ಅಲ್ದಾ?" ಎಂದಳು. ನಾನು ನಕ್ಕು ನಕ್ಕು ಅತ್ತೆ.

ಚೌತಿಯ ದಿನ ಸರ್‌ರ ಮೇಜಿನ ಮೇಲೆ ಅದನ್ನಿಟ್ಟೆ. ಎಕ್ಸ್-ರೇ ಪರೀಕ್ಷೆ ಆಯಿತು. ಒಂದೇ ಹರಳು, ಬಿರುಕಿಲ್ಲ. ಅವರು ಕನ್ನಡಕ ತೆಗೆದರು, ಹಾಕಿಕೊಂಡರು. "ಸರಿ, ಹೋಗಿ ಬಾ" ಎಂದರು.

ಹೊರದೇಶದ ಆ ನ್ಯೂಟ್ರಾನ್ ಕೇಂದ್ರದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಕಾಂಕ್ರೀಟು ಗೋಡೆ, ಗಾಳಿಯಲ್ಲೂ ಚಳಿ, ಪರದೆಯ ಮೇಲೆ ನಿಧಾನಕ್ಕೆ ಸೇರುವ ಚುಕ್ಕೆಗಳು. ಮೊದಲು ನೋಡಿದ್ದು ಹಿನ್ನೆಲೆಯ ಮಸುಕನ್ನು. ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಉಪ್ಪುಂದದ ಮಳೆಯ ಒಂದು ಹನಿಯೂ ಒಳಗೆ ನುಸುಳಿರಲಿಲ್ಲ. ಆಮೇಲೆ ಸರಪಳಿಗೆ ಅಡ್ಡ ದಿಕ್ಕಿನಲ್ಲಿ ಅಳೆದೆವು. ಸರಪಳಿಗಳಿಗೆ ತಮ್ಮತಮ್ಮೊಳಗೆ ಸಂಬಂಧ ಇಲ್ಲದಿದ್ದರೆ ಅಲ್ಲಿ ಗೆರೆ ಚಪ್ಪಟೆಯಾಗಿರಬೇಕು. ಗೆರೆ ಚಪ್ಪಟೆ ಇರಲಿಲ್ಲ. ಸಣ್ಣ ಏರಿಳಿತ, ನಾನು ಊಹಿಸಿದ್ದಕ್ಕಿಂತಲೂ ಸಣ್ಣದು, ಆದರೆ ಎಷ್ಟು ಸಲ ಅಳೆದರೂ ಅಲ್ಲೇ. ಈ ಸಾಲಿನವರು ಮಾಡಿದ್ದು ಆ ಸಾಲಿಗೆ ತಿಳಿಯುತ್ತಿತ್ತು. ಬಲೆ ಇತ್ತು.

ಸರ್ ಅದನ್ನು ಒಪ್ಪಿಕೊಂಡರು, ಅವರ ದೊಡ್ಡಗುಣ. ಒಪ್ಪದೆ ಇದ್ದದ್ದು ಲೇಖನದ ಒಂದೇ ಒಂದು ವಾಕ್ಯವನ್ನು. ಹರಳನ್ನು ಹೇಗೆ ಬೆಳೆಸಿದ್ದು ಎನ್ನುವಲ್ಲಿ, ಉಪ್ಪುಂದದಲ್ಲಿ, ಮಳೆಗಾಲದಲ್ಲಿ, ಸುಟ್ಟ ಕಡಲಚಿಪ್ಪಿನ ಸುಣ್ಣವಿಟ್ಟು ಮುಚ್ಚಿದ ಪಿಂಗಾಣಿ ಭರಣಿಯಲ್ಲಿ ಎಂದು ಬರೆದಿದ್ದೆ. ಅವರು ಹೊಡೆದುಹಾಕಿ 'ಒಣ ವಾತಾವರಣದಲ್ಲಿ' ಎಂದು ತಿದ್ದಿದರು. ನಾನು ಹಿಂದಿನದನ್ನೇ ಮತ್ತೆ ಬರೆದೆ. ಮತ್ತೆ ಹೊಡೆದರು.

"ಇದು ಸೈನ್ಸ್ ಅಮ್ಮ. ಊರ ಸುದ್ದಿ ಅಲ್ಲ."

"ಒಣ ವಾತಾವರಣ ಎಲ್ಲಿತ್ತು ಸರ್? ನೀವೇ ಹೇಳಿದ್ದಲ್ವಾ, ಅಲ್ಲಿ ಬಟ್ಟೆಯೂ ಒಣಗಲ್ಲ ಅಂತ. ಹೇಗೆ ಬೆಳೀತೋ ಹಾಗೇ ಬರೆದಿದ್ದೇನೆ. ಇದು ಬೇಡ ಅಂದ್ರೆ ನನ್ನ ಹೆಸರೂ ತೆಗೀರಿ."

ವಾಕ್ಯ ಉಳಿಯಿತು. ಕೆಲವು ವರ್ಷಗಳ ಮೇಲೆ ಒಂದು ಸಮ್ಮೇಳನದಲ್ಲಿ ವಿದೇಶಿ ವಿಜ್ಞಾನಿಯೊಬ್ಬರು ಹುಡುಕಿಕೊಂಡು ಬಂದು, ಉಪ್ಪುಂದ ಅನ್ನುವುದು ಯಾವ ದೇಶದ ಕಂಪೆನಿ, ಅವರ ಸುಣ್ಣ ತರಿಸುವುದು ಹೇಗೆ ಎಂದು ಕೇಳಿದರು. ನಾನು ಅವರಿಗೆ ಹಾಲಿನ ಕ್ಯಾನಿನಿಂದ ಶುರುಮಾಡಿ ಎಲ್ಲ ಹೇಳಿದೆ.

ಲೇಖನ ಅಚ್ಚಾದ ವರ್ಷ ಊರಿಗೆ ಒಯ್ದಿದ್ದೆ. ಸೀನ ಮಾವ ಅದನ್ನು ತಿರುವಿ ಹಾಕಿ, ಅಂಗಳದ ಮೂಲೆಯ ತೆಂಗನ್ನು ತೋರಿಸಿದರು. "ನಿನ್ ಹರಳ್ ತಿಂದ ಮರ ಕಾಣ್. ಸುಳಿ ಗಟ್ಟಿ ಇತ್ತ್. ಅದನ್ನೂ ಬರೀಕಿದ್ದಿತ್ತ್." ಅಮ್ಮನಿಗೆ ಆ ವಾಕ್ಯ ಓದಿ ಕನ್ನಡದಲ್ಲಿ ಹೇಳಿದೆ. ಅವಳು ಉಪ್ಪುಂದ ಎಂದಿದ್ದ ಜಾಗವನ್ನು ಬೆರಳಿಂದ ಮುಟ್ಟಿದಳು.

"ಭರಣಿ ಅಂದೇಳಿ ಇತ್ತಾ?"

"ಇದೆ."

"ಮಿಡಿ?"

"ಮಿಡಿ ಇಲ್ಲಮ್ಮ. ಅದನ್ನ ಅಲ್ಲಿ ಬರೆಯೋ ಹಾಗಿಲ್ಲ."

"ಹಾಂಗಾರೆ ಅರ್ಧ ಬರ್ದದ್ದ್" ಎಂದು ಕಾಗದ ನನ್ನ ಕೈಗೇ ಕೊಟ್ಟು ಒಳಗೆ ಹೋದಳು.

ಗುಲಾಬಿಯಕ್ಕನ ಗೂಡು ಈಗಿಲ್ಲ. ಬ್ರಹ್ಮಾವರದ ತೊಟ್ಟಿಯ ಸುಣ್ಣ ಎಲ್ಲಿಂದಲೋ ಚೀಲದಲ್ಲಿ ಬಂದದ್ದು. ಆದರೂ ಹಬೆ ಅದೇ. ಅವತ್ತು ಅಲ್ಲಿಂದ ಮನೆಗೆ ಬಂದವಳೇ ಇದನ್ನು ಬರೆಯಲು ಕೂತೆ. ಬೇಸಗೆಯಲ್ಲಿ ಆಯ್ದು, ಉಪ್ಪು ಹಾಕಿ, ಮಸಾಲೆ ಕಡೆದು ಅಮ್ಮ ತುಂಬಿಸಿಟ್ಟ ಮಿಡಿ ಒಂದು ಭರಣಿ. ನನ್ನ ಹರಳಿಗಾಗಿ ಅವಳು ಅದನ್ನು ಕೇರಿಗೆ ಹಂಚಿದಳು, ಆ ಮಳೆಗಾಲವಿಡೀ ಬರೀ ಗಂಜಿ ಉಂಡಳು. ಈ ಸಲ ಬರೆದಿದ್ದೇನೆ. ಇದನ್ನು ತಿದ್ದಲು ಯಾವ ಸರ್ ಕೈಗೂ ಕೊಡುವುದಿಲ್ಲ.